ಏರುವ ಎಣಿಕೆ, ಇಳಿಯುವ ಎಣಿಕೆ

ಮಾರ್ಚ್ 4, ಬುಧವಾರ

ಅಳತೆ ಜಾಡಿ: ಏರಿದ್ದು ನಾಲ್ಕಕ್ಕೆ, ಇಳಿದದ್ದು ತೊಂಬತ್ತಕ್ಕೆ. ನಾಲಗೆ ಚೆನ್ನಾಗಿದೆ. ಮನಸ್ಸು ಮಾತ್ರ ಕೆಟ್ಟಿದೆ.

ಇವತ್ತು ಕಾರ್ಖಾನೆಯ ರುಚಿಕೋಣೆಗೆ ಎರಡನೆಯ ಸ್ಟೂಲು ಬಂತು. ಇಪ್ಪತ್ತೊಂದು ವರ್ಷದಿಂದ ಅಲ್ಲಿ ಇದ್ದದ್ದು ಒಂದೇ ಸ್ಟೂಲು, ಅದರ ಮೇಲೆ ನಾನು. ಹೊಸದು ನನ್ನದಕ್ಕಿಂತ ಒಂದು ಬೆರಳು ಎತ್ತರವಿದೆ. ಯಾರೂ ಇಲ್ಲದಾಗ ಅಳೆದು ನೋಡಿದೆ. ಅದರ ಮೇಲೆ ಕೂರಲು ಒಬ್ಬ ಹುಡುಗಿಯೂ ಬಂದಿದ್ದಾಳೆ. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಬಾಯಿ ಬಿಟ್ಟರೆ ನಗು, ಸಿಕ್ಕಿದವರಿಗೆಲ್ಲ ಅಕ್ಕ, ಅಣ್ಣ. ಮನಸ್ಸಿನಲ್ಲೇ ಸಕ್ಕರೆಗೊಂಬೆ ಅಂತ ಹೆಸರಿಟ್ಟೆ.

ಸಾಸಿಗೆ ಬೇಡಿಕೆ ಹೆಚ್ಚಿದೆ, ಒಂದೇ ನಾಲಗೆ ಸಾಲದು, ಇವಳಿಗೂ ಕೆಲಸ ಕಲಿಸಿಕೊಡಿ ಅಂತ ಚಿಕ್ಕ ಯಜಮಾನರು ಹೇಳಿಹೋದರು. ಆ 'ಸಾಲದು' ನೇರ ಹೊಟ್ಟೆಯೊಳಗೆ ಹೋಗಿ ಕೂತಿತು. ಆದರೂ ಕಲಿಸಿದೆ. ಕಲಿಸುವುದಕ್ಕೆ ಇರುವುದಾದರೂ ಏನು? ಪೀಪಾಯಿಯಲ್ಲಿರುವ ಮೆಣಸಿನಕಾಯಿ ಸಾಸಿನಲ್ಲಿ ಕಡ್ಡಿಯ ತುದಿ ಅದ್ದಿ ನಾಲಗೆಯ ತುದಿಗೆ ಒತ್ತಬೇಕು. ಉರಿ ಹತ್ತುವವರೆಗೆ ಎಣಿಸಬೇಕು, ಅದು ಏರುವ ಎಣಿಕೆ. ಆಮೇಲೆ ಉರಿ ಪೂರ್ತಿ ಆರುವವರೆಗೆ ಎಣಿಸಬೇಕು, ಅದು ಇಳಿಯುವ ಎಣಿಕೆ. ಬೇಗ ಏರಿ ನಿಧಾನಕ್ಕೆ ಇಳಿದರೆ ಖಾರ ಜಾಸ್ತಿ. ಎರಡನ್ನೂ ತೂಗಿ ನೋಡಿ, ಒಂದರಿಂದ ಹತ್ತರೊಳಗೆ ಒಂದು ಅಂಕವನ್ನು ಸೀಮೆಸುಣ್ಣದಲ್ಲಿ ಪೀಪಾಯಿಯ ಮುಚ್ಚಳದ ಮೇಲೆ ಬರೆಯಬೇಕು. ಬಾಟಲಿಯ ಚೀಟಿಯ ಮೇಲೆ ಅಚ್ಚಾಗುವುದು ಅದೇ ಅಂಕ. ಮೂರರ ಬಾಟಲಿ ಮಕ್ಕಳಿರುವ ಮನೆಗೆ, ಒಂಬತ್ತರದ್ದು ಹುಚ್ಚರಿಗೆ.

ದಿನಾ ಬೆಳಿಗ್ಗೆ ಎಲ್ಲಕ್ಕೂ ಮೊದಲು ಅಳತೆ ಜಾಡಿಯ ರುಚಿ ನೋಡಬೇಕು. ಅದರಲ್ಲಿರುವುದು ಯಾವಾಗಲೂ ಐದು ಅಂಕದ ಸಾಸು. ಅಲ್ಲಿ ಪರೀಕ್ಷೆ ನಡೆಯುವುದು ಸಾಸಿಗಲ್ಲ, ನಮ್ಮ ನಾಲಗೆಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಸಕ್ಕರೆಗೊಂಬೆ ಬುಟ್ಟಿಯಿಂದ ಒಂದು ಹಸಿ ಕೆಂಪು ಮೆಣಸಿನಕಾಯಿ ಎತ್ತಿ ಬ್ರೆಡ್ಡಿನ ಜೊತೆ ಕಚಕ್ಕನೆ ಕಡಿದಳು. ಕಣ್ಣು, ಮೂಗು ಎರಡೂ ಸುರಿದವು. ಅಷ್ಟರಲ್ಲೂ ನಗುತ್ತಾ, ಎಷ್ಟು ಚೆನ್ನಾಗಿದೆ ಅನ್ನುತ್ತಾಳೆ. ನೋಡಲು ಎಲ್ಲರೂ ಸುತ್ತ ಸೇರಿದರು. ಮೆಣಸಿನಕಾಯಿ ಅರೆಯುವ ಗಿರಣಿಯವನು ತನ್ನ ಕರವಸ್ತ್ರ ಕೊಟ್ಟ. ಇಪ್ಪತ್ತೊಂದು ವರ್ಷದಲ್ಲಿ ನನಗೆ ಯಾರೂ ಕರವಸ್ತ್ರ ಕೊಟ್ಟಿಲ್ಲ. ಆಮೇಲೆ ಅವಳು ಉರಿ ತಾಳಲಾರದೆ ಬಾಯಿ ತೆರೆದು ಕೂತಾಗ ನನ್ನ ಮೊಸರಿನ ಡಬ್ಬಿಯನ್ನು ಅವಳ ಕಡೆ ತಳ್ಳಿದೆ. ಕರುಣೆಯಿಂದ ಅಲ್ಲ. ಯಾರಿಗೆ ತಡೆಯುತ್ತದೆ, ಯಾರಿಗೆ ತಡೆಯುವುದಿಲ್ಲ ಅನ್ನುವುದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ.

ಕೊನೆಗೆ ದೊಡ್ಡ ಯಜಮಾನರ ನಿಯಮವನ್ನೂ ಹೇಳಿದೆ. ರುಚಿ ನೋಡುವವರು ವಾರದಲ್ಲಿ ಆರು ದಿನ ಕಡ್ಡಿಯ ತುದಿಯ ಖಾರ ಬಿಟ್ಟು ಬೇರೆ ಖಾರ ಮುಟ್ಟಬಾರದು. ಭಾನುವಾರ ಮಾತ್ರ ಬೇಕಾದ್ದು ತಿನ್ನಬಹುದು. ದಿನಾ ಏನು ತಿಂದೆ, ಹೇಗೆ ಮಲಗಿದೆ ಅಂತ ಬರೆದಿಡಬೇಕು ಅಂದವರೂ ಅವರೇ. ಅವರು ಕೆಲಸ ಬಿಟ್ಟು ಮನೆ ಸೇರಿ ಎಂಟು ವರ್ಷವಾಯಿತು. ಇದನ್ನು ಈಗ ಯಾರೂ ಓದುವುದಿಲ್ಲ, ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ.

ಮಾರ್ಚ್ 6, ಶುಕ್ರವಾರ

ಏರಿದ್ದು ನಾಲ್ಕು, ಇಳಿದದ್ದು ತೊಂಬತ್ತು.

ಸಕ್ಕರೆಗೊಂಬೆಯ ನಾಲಗೆ ಹುಣ್ಣಾಗಿದೆ. ಇದು ನನ್ನಿಂದ ಆಗುವ ಕೆಲಸ ಅಲ್ಲ, ಬಿಡುತ್ತೇನೆ ಅಂತ ಮುಖ ಸಣ್ಣ ಮಾಡಿಕೊಂಡಳು. ಬಿಡು ಅಂದಿದ್ದರೆ ಅಲ್ಲಿಗೆ ಪೀಡೆ ತೊಲಗುತ್ತಿತ್ತು. ನನ್ನ ಬಾಯಿಗೇನು ಬಂದಿತ್ತೋ! "ನಾಲಗೆ ಹೋದ್ರೆ ವಾಪಸ್ ಬರುತ್ತೆ. ಸ್ಟೂಲು ಬಿಟ್ಟು ಎದ್ರೆ ಅದು ವಾಪಸ್ ಬರಲ್ಲ" ಅಂದೆ. ಅವಳ ಒಳ್ಳೆಯದಕ್ಕೆ ಹೇಳಿದ್ದಲ್ಲ. ನನ್ನ ಸ್ಟೂಲಿನ ಮೇಲೆ ಕಣ್ಣು ಹಾಕಬೇಡ ಅಂತ ಹೇಳಿದ್ದು. ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಮಾರ್ಚ್ 8, ಭಾನುವಾರ

ಭಾನುವಾರ ನಮ್ಮದು. ವಾರವೆಲ್ಲ ನನ್ನ ನಾಲಗೆಗೋಸ್ಕರ ಇವರೂ ಸಪ್ಪೆ ತಿನ್ನುತ್ತಾರೆ, ಪಾಪ. ಭಾನುವಾರ ಮಾತ್ರ ಬಾಣಲೆಗೆ ಎಣ್ಣೆ ಹೊಯ್ದು ಒಂದು ಹಿಡಿ ಮೆಣಸಿನಕಾಯಿ ಹುರಿಯುತ್ತೇನೆ, ಜೊತೆಗೆ ಆಲೂಗಡ್ಡೆ, ಮೊಟ್ಟೆ. ಇವರು ಗಡಿಯಾರ ರಿಪೇರಿ ಮಾಡುವವರು. ಅಂಗಡಿಯಿಂದ ಸೆಕೆಂಡಿನ ಮುಳ್ಳು ಸರಿಯಾಗಿರುವ ಒಂದು ವಾಚು ತಂದು ತಟ್ಟೆಯ ಪಕ್ಕ ಇಟ್ಟುಕೊಂಡು, ಯಾರ ಕಣ್ಣಲ್ಲಿ ಮೊದಲು ನೀರು ಬರುತ್ತದೆ ಅಂತ ನೋಡುತ್ತಾರೆ. ಇವತ್ತು ನನಗೆ ಹದಿನೇಳಕ್ಕೆ, ಇವರಿಗೆ ಇಪ್ಪತ್ತಕ್ಕೆ. ಇಬ್ಬರೂ ಮೂಗು ಸೊರಗುಟ್ಟಿಸುತ್ತಾ ನಕ್ಕೆವು.

ಮದುವೆಗೆ ಮುಂಚೆ ಇವರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗಲೂ ಹೀಗೇ ಆಗಿತ್ತು. ನಾನು ತಿಂದೆ ಅಂತ ಇವರೂ ಒಂದು ಮೆಣಸಿನಕಾಯಿ ಬಾಯಿಗೆ ಹಾಕಿಕೊಂಡರು. ನೀರು ಕೇಳಲು ಮರ್ಯಾದೆ ಅಡ್ಡ ಬಂತು. ಕಣ್ಣೀರು ಗಲ್ಲದಿಂದ ತಟ್ಟೆಗೆ ತೊಟ್ಟಿಕ್ಕುತ್ತಿತ್ತು, ಆದರೂ ಮಳೆಗಾಲದ ಬಗ್ಗೆ ನಮ್ಮಪ್ಪನ ಜೊತೆ ಗಂಭೀರವಾಗಿ ಮಾತಾಡುತ್ತಿದ್ದರು. ಇವರನ್ನೇ ಮದುವೆಯಾಗುವುದು ಅಂತ ನಾನು ಆಗಲೇ ತೀರ್ಮಾನ ಮಾಡಿದ್ದೆ.

ಮಾರ್ಚ್ 12, ಗುರುವಾರ

ಏರಿದ್ದು ನಾಲ್ಕು. ಇಳಿದದ್ದು ಎಣಿಸಲಿಲ್ಲ, ತಲೆ ಕೆಟ್ಟಿತ್ತು.

ಏಳನೆಯ ಪೀಪಾಯಿಯ ರುಚಿ ನೋಡಿ ನಾನು ಆರು ಅಂತ ಬರೆದೆ. ಸಕ್ಕರೆಗೊಂಬೆಯೂ ಆರು ಅಂದಳು. ಅಷ್ಟಕ್ಕೇ ಸುಮ್ಮನಾದಳೇ? ಇದರ ಖಾರ ಮೊದಲು ತುಟಿಗೆ ಬರುತ್ತದೆ, ಆಮೇಲೆ ಗಂಟಲಿಗೆ ಜಾರುತ್ತದೆ, ಕೊನೆಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಉಳಿಯುತ್ತದೆ ಅಂತ ಹಾಡಿದಳು. ಚಿಕ್ಕ ಯಜಮಾನರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಚೀಟಿಯ ಮೇಲೆ ಇದನ್ನೂ ಹಾಕಿಸೋಣ ಅಂತ ಅವಳನ್ನು ಆಫೀಸಿಗೆ ಕರೆದುಕೊಂಡು ಹೋದರು. ಅರ್ಧ ಗಂಟೆ! ನನ್ನನ್ನು ಇಪ್ಪತ್ತೊಂದು ವರ್ಷದಲ್ಲಿ ಆಫೀಸಿಗೆ ಕರೆದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಬೀಗದ ಕೈ ಕಳೆದಾಗ.

ನಿಜ ಹೇಳಬೇಕೆಂದರೆ, ಅವಳು ಆಫೀಸಿಗೆ ಹೋದ ಮೇಲೆ ನಾನು ಏಳನೆಯ ಪೀಪಾಯಿಯ ರುಚಿ ಮತ್ತೆ ನೋಡಿದೆ. ಕಿತ್ತಳೆ ಇತ್ತು.

ಮಾರ್ಚ್ 13, ಶುಕ್ರವಾರ

ವಾಸನೆ ಗೀಸನೆ ಎಲ್ಲ ಅವಳಿಗಿರಲಿ. ಖಾರದ ಕೆಲಸದಲ್ಲಿ ಖಾರ ತಡೆಯುವವರೇ ದೊಡ್ಡವರು. ಅವಳು ಒಂದು ಮೆಣಸಿನಕಾಯಿಗೆ ಅಳುವವಳು. ನಾನು ಅಭ್ಯಾಸ ಮಾಡಿದರೆ ಹತ್ತು ತಿಂದು ತೋರಿಸಬಲ್ಲೆ. ಇವತ್ತಿನಿಂದ ಬೆಳಿಗ್ಗೆ ಎರಡು, ಸಂಜೆ ಎರಡು ಹಸಿ ಮೆಣಸಿನಕಾಯಿ.

ನಿಯಮ ನೆನಪಿದೆ. ನಿಯಮ ಮಾಡಿದಾಗ ಒಂದೇ ಸ್ಟೂಲು ಇತ್ತು.

ಮಾರ್ಚ್ 22, ಭಾನುವಾರ

ಗೆದ್ದೆ! ಇವರ ಕಣ್ಣಲ್ಲಿ ಹದಿನೆಂಟಕ್ಕೇ ನೀರು ಬಂತು. ನನ್ನ ಕಣ್ಣು ಒಣಗಿದ ಬಾವಿ. ಐದು ಮೆಣಸಿನಕಾಯಿ ತಿಂದರೂ ಮುಖದ ಗೆರೆ ಅಲ್ಲಾಡಲಿಲ್ಲ. ಇವರು ವಾಚನ್ನು ನೋಡುತ್ತಲೇ ಇದ್ದರು, ಮುಳ್ಳು ಎರಡು ಸುತ್ತು ಬಂತು. ಆಮೇಲೆ ವಾಚನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ಇವತ್ತ್ಯಾಕೋ ನಾನೊಬ್ನೇ ಊಟ ಮಾಡಿದ ಹಾಗಾಯ್ತು ಕಣೇ" ಅಂದರು.

ಸೋತವರು ಹಾಗೇ ಅನ್ನುವುದು.

ಏಪ್ರಿಲ್ 2, ಗುರುವಾರ

ಏರಿದ್ದು ಎಂಟು, ಇಳಿದದ್ದು ನಲವತ್ತು.

ಇವತ್ತು ಕಾರ್ಖಾನೆಯಲ್ಲಿ ಎಲ್ಲರೆದುರು ಆ ಕರವಸ್ತ್ರದ ದಿನದ ಲೆಕ್ಕ ಚುಕ್ತಾ ಮಾಡಿದೆ. ಊಟದ ಮೇಜಿನ ಮೇಲೆ ಹೊಸ ಬುಟ್ಟಿ ಇತ್ತು, ಬೆರಳುದ್ದದ ಕೆಂಪು ಮೆಣಸಿನಕಾಯಿ, ತೊಟ್ಟು ಇನ್ನೂ ಹಸಿರು. ನಾನೇ ಅವಳನ್ನು ಕೆಣಕಿದೆ. ಇವತ್ತು ಭಾನುವಾರ ಅಲ್ಲವಲ್ಲ ಅಕ್ಕಾ ಅಂದಳು. ಹೆದರಿದೆಯಾ ಅಂದೆ. ಕೂತಳು. ಎರಡನೆಯದಕ್ಕೇ ಅವಳ ಗಂಗಾಪ್ರವಾಹ ಶುರುವಾಯಿತು, ಕೈ ಮುಗಿದು ನಗುತ್ತಾ ಎದ್ದಳು. ನಾನು ಆರು ತಿಂದೆ. ಗಿರಣಿಯವನು ಚಪ್ಪಾಳೆ ಹೊಡೆದ, ಚೀಟಿ ಅಂಟಿಸುವ ಹೆಂಗಸರೂ ಹೊಡೆದರು. ಸಕ್ಕರೆಗೊಂಬೆ ಮಾತ್ರ ಹೊಡೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕಾ, ನಿಮಗೆ ಹತ್ತಲೇ ಇಲ್ವಾ?"

"ಇದೂ ಒಂದು ಖಾರಾನಾ?" ಅಂದೆ.

ಹೊಟ್ಟೆಕಿಚ್ಚು ಪಡಲಿ. ಇಷ್ಟು ದಿನ ನಾನು ಪಟ್ಟದ್ದು ಸಾಕು.

ಏಪ್ರಿಲ್ 9, ಗುರುವಾರ

ಏರಿದ್ದು ಹನ್ನೊಂದು, ಇಳಿದದ್ದು ಇಪ್ಪತ್ತೈದು. ಅಳತೆ ಜಾಡಿಯ ಸಾಸು ಹಳಸಿದೆ. ಬೇರೆ ಜಾಡಿ ತೆಗೆಸಿ ಅಂತ ಚಿಕ್ಕ ಯಜಮಾನರಿಗೆ ಹೇಳಿದೆ, ತೆಗೆಸಿದರು. ಹೊಸದೂ ಹಾಗೇ ಇದೆ. ಈ ವರ್ಷದ ಮೆಣಸಿನಕಾಯಿಯೇ ಸಪ್ಪೆ, ಬೆಳೆಗೆ ನೀರು ಜಾಸ್ತಿ ಬಿಟ್ಟಿರಬೇಕು. ಮೂರು, ನಾಲ್ಕರ ಮೇಲೆ ಅಂಕ ಕೊಡುವಂಥ ಒಂದು ಪೀಪಾಯಿಯೂ ಇವತ್ತು ಸಿಗಲಿಲ್ಲ.

ಸಕ್ಕರೆಗೊಂಬೆಯನ್ನು ಕೇಳಿದೆ. ತನಗೂ ಸ್ವಲ್ಪ ಸಪ್ಪೆ ಅನಿಸಿತು ಅಂದಳು. ಅನ್ನುವಾಗ ನೆಲ ನೋಡುತ್ತಿದ್ದಳು. ನನಗಿಂತ ಮೊದಲು ತನಗೆ ತಿಳಿಯಲಿಲ್ಲವಲ್ಲ ಅನ್ನುವ ನಾಚಿಕೆ ಇರಬೇಕು.

ಏಪ್ರಿಲ್ 14, ಮಂಗಳವಾರ

ಊಟದ ನಡುವೆ ನೀರು ಕುಡಿಯಲು ಎದ್ದು ಬಂದರೆ, ಇವರು ಅಡುಗೆಮನೆಯ ನಲ್ಲಿಯ ಕೆಳಗೆ ತಟ್ಟೆಯಲ್ಲಿದ್ದ ಆಲೂಗಡ್ಡೆಯ ಹೋಳುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದರು. ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತರು. ಹೊಟ್ಟೆ ಸರಿಯಿಲ್ಲ, ಎಣ್ಣೆ ಕಡಿಮೆ ಮಾಡೋಣ ಅಂತ, ಅಂದರು. ನಾನು ಹಾಕಿದ್ದು ಎರಡೇ ಚಮಚ ಎಣ್ಣೆ. ವಯಸ್ಸಾದ ಮೇಲೆ ಗಂಡಸರಿಗೆ ಇಲ್ಲದ ಖಯಾಲಿಗಳು. ನಾಲ್ಕು ದಿನದಿಂದ ಇವರ ತುಟಿಯೂ ಕೆಂಪಾಗಿದೆ.

ಅಡುಗೆ ನನಗೂ ರುಚಿಸುತ್ತಿಲ್ಲ. ಎಷ್ಟು ಮೆಣಸಿನಕಾಯಿ ಹಾಕಿದರೂ ಏನೋ ಕಡಿಮೆ ಅನಿಸುತ್ತದೆ.

ಏಪ್ರಿಲ್ 26, ಭಾನುವಾರ

ಮೆಣಸಿನಕಾಯಿ ಹುರಿಯಲಿಲ್ಲ. ದಿನಾ ತಿನ್ನುವುದನ್ನು ಭಾನುವಾರ ಏನಂತ ತಿನ್ನುವುದು? ಇವರೂ ಕೇಳಲಿಲ್ಲ. ವಾಚು ಅಂಗಡಿಯಲ್ಲೇ ಇದೆ.

ಮೇ 6, ಬುಧವಾರ

ಏರಿದ್ದು ಹದಿನಾಲ್ಕು. ಇಳಿದದ್ದು ಹದಿನೈದು. ಅಂದರೆ ಏನೂ ಇಲ್ಲ.

ಗಿರಣಿಯವನು ಮಾತಿಗೆ ಮಾತು ಬಂದು ಒಂದು ಸುದ್ದಿ ಹೇಳಿದ. ನಾನು ಸಂಜೆ ಹೊರಟ ಮೇಲೆ ಸಕ್ಕರೆಗೊಂಬೆ ದಿನಾ ಅರ್ಧ ಗಂಟೆ ಉಳಿಯುತ್ತಾಳಂತೆ, ಪೀಪಾಯಿ ಕೋಣೆಯಲ್ಲಿ ಓಡಾಡುತ್ತಾಳಂತೆ. ಬಲೇ ಕೆಲಸದವಳು ಅಂತ ಮೆಚ್ಚಿಕೊಂಡು ಹೇಳುತ್ತಾನೆ ಪೆದ್ದ. ನನಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಬೆಣ್ಣೆಯಂಥ ಮಾತು, ಬೆನ್ನ ಹಿಂದೆ ಚೂರಿ.

ಮೇ 7, ಗುರುವಾರ

ಇವತ್ತು ನಾಲ್ಕು ಪೀಪಾಯಿಗೆ ಮೂರು ಅಂತ ಬರೆದೆ. ಬರೆದು, ಪ್ರತಿ ಅಂಕದ ಬಾಲದ ಕೆಳಗೆ ಸೀಮೆಸುಣ್ಣದ ಒಂದು ಸಣ್ಣ ಚುಕ್ಕೆ ಇಟ್ಟೆ. ಹುಡುಕಿದರೆ ಮಾತ್ರ ಕಾಣುವಂಥದ್ದು. ಈಗ ಮನೆಗೆ ಬಂದು ಕೂತಿದ್ದೇನೆ. ಇಲಿ ಬೋನಿಗೆ ಬೀಳುವುದನ್ನು ಕಾಯಬೇಕು.

ಮೇ 8, ಶುಕ್ರವಾರ

ಬಿತ್ತು!

ನಾಲ್ಕು ಮುಚ್ಚಳಗಳಲ್ಲಿ ಒಂದರಲ್ಲೂ ಚುಕ್ಕೆ ಇಲ್ಲ, ಮೂರೂ ಇಲ್ಲ. ಎರಡರ ಮೇಲೆ ಆರು, ಒಂದರ ಮೇಲೆ ಐದು, ಇನ್ನೊಂದರ ಮೇಲೆ ಏಳು. ಎಲ್ಲವೂ ನನ್ನದೇ ಅಕ್ಷರ! ನಾನು ಬರೆಯುವ ಆರಿಗೆ ಹೊಟ್ಟೆ ಸ್ವಲ್ಪ ದಪ್ಪ, ಆ ಹೊಟ್ಟೆಯನ್ನೂ ಬಿಡದೆ ನಕಲು ಮಾಡಿದ್ದಾಳೆ. ನನ್ನ ಅಂಕ ತಪ್ಪಾಗಲಿ, ಬಾಟಲಿಗಳು ವಾಪಸ್ ಬರಲಿ, ಹೆಸರು ಕೆಡಲಿ, ಸ್ಟೂಲು ಖಾಲಿಯಾಗಲಿ ಅಂತ ತಾನೇ? ನೇರ ಆಫೀಸಿಗೆ ಹೋದೆ, ಯಾರೂ ಕರೆಯದೆ ಹೋದದ್ದು ಇದೇ ಮೊದಲು.

ಚಿಕ್ಕ ಯಜಮಾನರು ಅವಳನ್ನು ಕರೆಸಿ ಕೇಳಿದರು. ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತುಟಿ ಕಚ್ಚಿಕೊಂಡು ನಿಂತಳು. ಯಾರ ನಾಲಗೆ ಸರಿ ಅಂತ ಒರೆಗೆ ಹಚ್ಚಿಬಿಡಿ, ದೊಡ್ಡ ಯಜಮಾನರೇ ಬಂದು ಪರೀಕ್ಷೆ ಮಾಡಲಿ ಅಂದೆ. ಸೋತವರು ಸ್ಟೂಲು ಬಿಡಬೇಕು ಅಂತಲೂ ಅಂದೆ. ಆಗ ಅವಳು ತಲೆ ಎತ್ತಿ, ಬೇಡ ಅಕ್ಕಾ ಅಂದಳು. ಹೆದರಿದಳು, ನೋಡಿ. ಸೋಮವಾರಕ್ಕೆ ಗೊತ್ತಾಗಿದೆ.

ಇವರಿಗೆ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. "ಬೇಡ್ವೇ ಇದು" ಅಂದರು. ಎಲ್ಲರಿಗೂ ಒಂದೇ ಮಾತು.

ಮೇ 11, ಸೋಮವಾರ

ಸಂಜೆ ಐದು ಗಂಟೆ. ಬೇಗ ಬಂದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆಗೆ ನನಗೆ ಬೇಕಾದ ಹಾಗೆ ತಿರುಚಿಕೊಳ್ಳುತ್ತೇನೆ.

ದೊಡ್ಡ ಯಜಮಾನರು ಕೋಲೂರಿಕೊಂಡು ಬಂದರು. ಮೇಜಿನ ಮೇಲೆ ಐದು ಬಟ್ಟಲು ಇಟ್ಟರು. ಅವರ ಪದ್ಧತಿ ನನಗೆ ಗೊತ್ತಿರುವುದೇ. ಐದರಲ್ಲಿ ಒಂದು ಖಾಲಿ, ಅಂದರೆ ಬರೀ ಟೊಮೇಟೊ, ಮೆಣಸಿನಕಾಯಿಯ ಸೋಂಕೂ ಇಲ್ಲದ್ದು. ಬಣ್ಣ ಐದಕ್ಕೂ ಒಂದೇ. ಯಾವುದರಲ್ಲಿ ಎಷ್ಟು ಖಾರ ಅನ್ನುವುದು ಅವರ ಜೇಬಿನ ಚೀಟಿಯಲ್ಲಿ. ಬಾಗಿಲಲ್ಲಿ ಗಿರಣಿಯವನು, ಅವನ ಹಿಂದೆ ಚೀಟಿ ಅಂಟಿಸುವ ಹೆಂಗಸರು ನಿಂತಿದ್ದರು.

ಹಿರಿಯಳು ಅಂತ ನನ್ನದು ಮೊದಲು. ಒಂದನೆಯದಕ್ಕೆ ಇಪ್ಪತ್ತು ಎಣಿಸುವಾಗ ಸ್ವಲ್ಪ ಬೆಚ್ಚಗಾಯಿತು, ಮೂರು ಅಂದೆ. ಎರಡನೆಯದನ್ನೂ ಮೂರು ಅಂದೆ. ಮೂರನೆಯದು ನಾಲಗೆಯ ಮೇಲೆ ಸುಮ್ಮನೆ ಕೂತಿತು. ಮೂವತ್ತರವರೆಗೆ ಎಣಿಸಿದೆ, ಏನೂ ಏರಲಿಲ್ಲ. ಸಿಕ್ಕಿತಲ್ಲ ಅಂತ ಸಮಾಧಾನವಾಯಿತು. "ಇದೇ ಖಾಲಿ, ಬರೀ ಟೊಮೇಟೊ" ಅಂದೆ ಗಟ್ಟಿಯಾಗಿ. ನಾಲ್ಕನೆಯದೂ ಸುಮ್ಮನೆ ಕೂತಿತು. ಎರಡು ಖಾಲಿ ಇರುವ ಹಾಗಿಲ್ಲವಲ್ಲ. ಎರಡು ಅಂತ ಬಾಯಿಗೆ ಬಂದ ಅಂಕ ಹೇಳಿದೆ. ಐದನೆಯದಕ್ಕೆ ನಾಲ್ಕು. ದೊಡ್ಡ ಯಜಮಾನರ ಮುಖ ಗೋಡೆಯ ಹಾಗಿತ್ತು. ಚಿಕ್ಕವರು ಮಾತ್ರ ಕಿಟಕಿಯ ಕಡೆ ತಿರುಗಿಕೊಂಡರು.

ಆಮೇಲೆ ಅವಳು ಕೂತಳು. ಒಂದನೆಯದಕ್ಕೆ ಮೂರು ಅಂದಳು. ಎರಡನೆಯದಕ್ಕೂ ಮೂರು. ಮೂರನೆಯ ಬಟ್ಟಲಿನ ಕಡ್ಡಿ ನಾಲಗೆಗೆ ಮುಟ್ಟಿದ್ದೇ ತಡ, ಅವಳ ಕತ್ತು ಕೆಂಪಾಯಿತು, ಆಮೇಲೆ ಕಿವಿ. ಕಣ್ಣು ತುಂಬಿ ಎರಡೂ ಕೆನ್ನೆಯ ಮೇಲೆ ಇಳಿಯಿತು, ಮೂಗು ಸೋರಿತು. ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಗೊತ್ತಾಗುತ್ತದೆ ಅಂತ. ಗೊತ್ತಾಗುವುದಕ್ಕೆ ಇನ್ನೇನು ಉಳಿದಿತ್ತು, ಹುಚ್ಚಿ!

"ಇದು ಖಾಲಿ. ಅಕ್ಕ ಹೇಳಿದ್ದೇ ಸರಿ" ಅಂದಳು.

ದನಿ ಒಡೆದಿತ್ತು.

ಆಗ ನನಗೆ ಏನಾಗಬೇಕಿತ್ತೋ ಗೊತ್ತಿಲ್ಲ. ನಾಚಿಕೆ ಆಗಬೇಕಿತ್ತು, ಅದು ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಆ ಕಣ್ಣೀರಿನ ಮೇಲೆ. ಅದೇ ಬಟ್ಟಲು, ಅದೇ ಕಡ್ಡಿಯಷ್ಟು ಸಾಸು. ಅವಳಿಗೆ ತುಟಿಯಿಂದ ಕಿವಿಯವರೆಗೆ ಬೆಂಕಿ ಬಿದ್ದಿದೆ, ನನಗೆ ಒಂದು ಕಿಡಿಯೂ ಇಲ್ಲ. ಒಂದು ಕಾಲದಲ್ಲಿ ಆ ಬೆಂಕಿ ನನ್ನದಾಗಿತ್ತು. ವಾರವೆಲ್ಲ ಕಾದು ಭಾನುವಾರ ತಿನ್ನುತ್ತಿದ್ದೆ. ಅವಳ ಸ್ಟೂಲು, ಅವಳ ನಗು, ಆಫೀಸಿನ ಅರ್ಧ ಗಂಟೆ, ಯಾವುದೂ ನನಗೆ ಅಷ್ಟು ಬೇಕೆನಿಸಿರಲಿಲ್ಲ.

"ಇವಳು ಸುಳ್ಳು ಹೇಳ್ತಿದ್ದಾಳೆ. ಇವಳ ಮುಖ ನೋಡಿ. ಅದು ಒಂಬತ್ತು" ಅಂದೆ.

ದೊಡ್ಡ ಯಜಮಾನರು ಜೇಬಿನಿಂದ ಚೀಟಿ ತೆಗೆಯಲೇ ಇಲ್ಲ. "ಒಂಬತ್ತೇ" ಅಂದರು. ಖಾಲಿ ಇದ್ದದ್ದು ಒಂದನೆಯ ಬಟ್ಟಲಂತೆ, ನನಗೆ ಬೆಚ್ಚಗಾದದ್ದು.

ಅವಳು ಸುಳ್ಳುಗಾತಿ ಅಂತ ತೋರಿಸಲು ಹೋಗಿದ್ದೆ, ತೋರಿಸಿದೆ.

ಎಲ್ಲರನ್ನೂ ಕಳಿಸಿ ದೊಡ್ಡ ಯಜಮಾನರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ದಿನಾ ತಿಂತಿದ್ದೀಯಾ ಅಂತ. ಹೌದು ಅಂದೆ. ಅವರು ಬಯ್ಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಕಡ್ಡಿಯೂ ಬೇಡ, ಜಾಡಿಯ ಹತ್ತಿರವೂ ಸುಳಿಯಬೇಡ, ನಾನು ಹೇಳುವವರೆಗೆ ಸಪ್ಪೆ ಊಟ ಅಂದರು. ನಾಲಗೆ ವಾಪಸ್ ಬರುತ್ತಾ ಅಂತ ಕೇಳಿದೆ. ಬಂದರೆ ಬರುತ್ತೆ ಅಂದರು.

ಅವಳು ಹೊರಗೆ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಳು. ಯಾಕೆ ಹೀಗೆ ಮಾಡಿದೆ ಅಂದೆ. ಏಪ್ರಿಲ್ ತಿಂಗಳಿನಿಂದ ಸಂಜೆ ಸಂಜೆ ಉಳಿದು ನನ್ನ ಪೀಪಾಯಿಗಳ ರುಚಿಯನ್ನೆಲ್ಲ ಎರಡನೆಯ ಸಲ ನೋಡಿ, ನನ್ನ ಅಕ್ಷರ ಕಲಿತು ತಿದ್ದಿದ್ದಾಳೆ. ಅದಕ್ಕೇ ಒಂದು ಬಾಟಲಿಯೂ ವಾಪಸ್ ಬಂದಿಲ್ಲ.

"ನೀವೇ ಹೇಳಿದ್ರಲ್ಲ ಅಕ್ಕಾ, ನಾಲಗೆ ಹೋದ್ರೆ ಬರುತ್ತೆ, ಸ್ಟೂಲು ಬಿಟ್ಟು ಎದ್ರೆ ಬರಲ್ಲ ಅಂತ. ನಾಲಗೆ ಬರೋ ತನಕ ಸ್ಟೂಲು ಹಿಡ್ಕೊಂಡಿದ್ದೆ, ಅಷ್ಟೆ."

ಅವಳು ಅದನ್ನು ಬರೆದುಕೊಂಡದ್ದು ನನಗೆ ನೆನಪಿತ್ತು. ನನ್ನ ಊಟದ ಡಬ್ಬಿಯಲ್ಲಿ ಮೊಸರಿತ್ತು, ಕೊಟ್ಟೆ. ಈ ಸಲ ಸುತ್ತಮುತ್ತ ಯಾರೂ ಇರಲಿಲ್ಲ.

ಮೇ 12, ಮಂಗಳವಾರ

ಸಪ್ಪೆ. ಅವಳು ರುಚಿ ನೋಡಿ ಅಂಕ ಹೇಳುತ್ತಾಳೆ, ನಾನು ಮುಚ್ಚಳದ ಮೇಲೆ ಬರೆಯುತ್ತೇನೆ. ಚಿಕ್ಕ ಯಜಮಾನರು ಬಂದು ನೋಡಿ ಹೋದರು.

ಮೇ 17, ಭಾನುವಾರ

ಇವರಿಗೆ ಮಾತ್ರ ಮೆಣಸಿನಕಾಯಿ ಹುರಿದೆ. ಬೇಡ ಬೇಡ ಅಂದರೂ ಬಡಿಸಿದೆ. ಅಷ್ಟು ದಿನ ಆಲೂಗಡ್ಡೆ ತೊಳೆದು ತಿಂದವರಿಗೆ ನನ್ನಿಂದ ಇಷ್ಟಾದರೂ ಆಗಲಿ. ಹತ್ತೊಂಬತ್ತಕ್ಕೆ ಕಣ್ಣೀರು ಬಂತು. ಎದುರಿಗೆ ಬೇಯಿಸಿದ ಮೊಟ್ಟೆ ತಿನ್ನುತ್ತಾ ನೋಡಿದೆ. ಮದುವೆಯಾದ ಗಂಡನ ಮೂಗು ಸೋರುವುದರ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು.

ಮೇ 28, ಗುರುವಾರ

ಅವಳು ಊಟಕ್ಕೆ ಏಳುವಾಗ ತನ್ನ ಡಬ್ಬಿಯನ್ನು ನನ್ನ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಾಳೆ. ಮೊದಲು ಸಿಟ್ಟು ಬಂತು, ಜಾಗ ಹಿಡಿಯುತ್ತಿದ್ದಾಳೆ ಅಂತ. ಇವತ್ತು ಚೀಟಿ ಅಂಟಿಸುವವಳು ಕೂರಲು ಬಂದಾಗ, ಅಲ್ಲಿ ಅಕ್ಕ ಇದ್ದಾರೆ ಅಂದಳು. ನಾನು ಪಕ್ಕದ ಕೋಣೆಯಲ್ಲಿದ್ದೆ.

ಹದಿನೇಳು ದಿನವಾಯಿತು. ಹಾಲು ಸಿಹಿಯಾಗಿರುತ್ತದೆ ಅಂತ ಗೊತ್ತಾಗುತ್ತಿದೆ. ನನಗೆ ಬೇಕಾದ್ದು ಹಾಲಲ್ಲ.

ಜೂನ್ 2, ಮಂಗಳವಾರ

ಮೂರು ವಾರ ತುಂಬಿತು. ದೊಡ್ಡ ಯಜಮಾನರು ಜಾಡಿಯ ರುಚಿ ನೋಡಲು ಹೇಳಿಕಳಿಸಿದರು. ಏರಿದ್ದು ಹತ್ತಕ್ಕೆ. ಇಳಿದದ್ದು ಮೂವತ್ತಕ್ಕೆ. ಇನ್ನೂ ಬೇಡ ಅಂದರು.

ಬಾರದೇ ಹೋದರೆ ಏನು ಗತಿ? ಸ್ಟೂಲಿನ ಚಿಂತೆಯಲ್ಲ. ಸ್ಟೂಲಿಗೆ ಹುಡುಗಿ ಇದ್ದಾಳೆ, ನನಗಿಂತ ಚೆನ್ನಾಗಿಯೇ ನೋಡುತ್ತಾಳೆ, ಕಿತ್ತಳೆ ಸಿಪ್ಪೆ ಎಲ್ಲ ಅವಳಿಗೆ ತಿಳಿಯುತ್ತದೆ. ಭಾನುವಾರಗಳ ಚಿಂತೆ.

ಜೂನ್ 14, ಭಾನುವಾರ

ಹುಡುಗಿಯನ್ನು ಊಟಕ್ಕೆ ಕರೆದಿದ್ದೆ. ಅವಳಿಗೂ ಖಾರ ತಿನ್ನಲು ಇರುವುದು ಭಾನುವಾರ ಒಂದೇ ತಾನೇ. ಬರುವಾಗ ಒಂದು ಹಿಡಿ ಮೆಣಸಿನಕಾಯಿ ತಂದಳು, ಏಳನೆಯ ಪೀಪಾಯಿಗೆ ಹಾಕಿದ ಜಾತಿಯದ್ದು. ಇವರು ಅಂಗಡಿಯಿಂದ ವಾಚು ತಂದಿದ್ದರು, ನನಗೆ ಹೇಳಿರಲಿಲ್ಲ. ಮೂರು ತಟ್ಟೆಗಳ ನಡುವೆ ಇಟ್ಟರು. ನಿನ್ನೆಯಷ್ಟೇ ದೊಡ್ಡ ಯಜಮಾನರು, ಒಂದು ತಿಂದು ನೋಡು, ಒಂದೇ ಒಂದು ಅಂದಿದ್ದರು.

ಕೈ ತಟ್ಟೆಗೆ ಹೋಗಲು ಹೆದರಿತು. ಹುಡುಗಿ ಎಣ್ಣೆಯಲ್ಲಿ ಹೊಳೆಯುವ ಚಿಕ್ಕದೊಂದನ್ನು ಆರಿಸಿ ನನ್ನ ತಟ್ಟೆಗೆ ಹಾಕಿದಳು. ಕಡಿದೆ. ಇವರು ವಾಚು ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಒಂದು, ಎರಡು. ಮೂರು ಅನ್ನುವಷ್ಟರಲ್ಲಿ ತುಟಿಗೆ ಹತ್ತಿತು, ಅಲ್ಲಿಂದ ಗಂಟಲಿಗೆ ಜಾರಿತು, ಕಿವಿ ಬಿಸಿಯಾಯಿತು, ಕಣ್ಣೆದುರು ಅನ್ನದ ಪಾತ್ರೆ ಕಲಸಿಹೋಯಿತು. ಮೂಗಿನಿಂದ, ಕಣ್ಣಿನಿಂದ, ಎಲ್ಲೆಲ್ಲಿಂದ ಸಾಧ್ಯವೋ ಅಲ್ಲೆಲ್ಲ ಸುರಿಯಿತು. ಇವರು ಎದ್ದುನಿಂತು ಏನೋ ಹೇಳಲು ಹೋಗಿ, ತಾವು ಮೆಣಸಿನಕಾಯಿ ಮುಟ್ಟದೆಯೇ ಕಣ್ಣು ಒರೆಸಿಕೊಂಡರು. ಕೊನೆಯಲ್ಲಿ ಕಿತ್ತಳೆ ಸಿಪ್ಪೆ ಬಂತು.

ಹುಡುಗಿ ಕರವಸ್ತ್ರವನ್ನು ಆಗಲೇ ಬಿಚ್ಚಿ ಹಿಡಿದಿದ್ದಳು. ಕಿತ್ತುಕೊಂಡೆ.

ಅವಳು ಎರಡು ತಿಂದಳು, ನಾನು ಒಂದಕ್ಕೇ ಕೈ ಮುಗಿದೆ. ಹೊಟ್ಟೆಕಿಚ್ಚಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮುಂದಿನ ಭಾನುವಾರವೂ ಬಾ ಅಂದಿದ್ದೇನೆ, ನೋಡಿಕೊಳ್ಳುತ್ತೇನೆ.

ಏರಿದ್ದು ಮೂರಕ್ಕೆ. ಅವಳು ಹೋಗಿ ಪಾತ್ರೆ ತೊಳೆದಾಯಿತು, ಇಷ್ಟೆಲ್ಲ ಬರೆದೂ ಆಯಿತು. ಇಳಿದದ್ದು: ಇನ್ನೂ ಇಳಿದಿಲ್ಲ.